ಬರೇ ಹನ್ನೆರಡು ವೋಲ್ಟ್ ಅಲ್ವೇನ್ರೀ?

ಬಹಳ ದಿನಗಳಿಂದ ಇದರ ಬಗ್ಗೆ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ, ಮುಂದೂಡುತ್ತಲೇ ಇದ್ದೆ. ಕಥೆ, ಕವನ, ಮಳೆಗಾಲದ ಫೋಟೋ ನೋಡಲು ಈ ಕಡೆ ಬರುವ ಗೆಳೆಯರಿಗೆ ಇವತ್ತು ವೈರಿನ ಪುರಾಣ. ಬೇಜಾರಾದರೆ ಮನ್ನಿಸಿ :) ಆದರೆ ಮನೆಯಲ್ಲಿ ಹಳೆ ಜೀಪೋ, ಅಂಬಾಸಿಡರೋ, ಅಪ್ಪನ ಕಾಲದ ಜಾವಾನೋ ಇದ್ದವರು ದಯವಿಟ್ಟು ಪೂರ್ತಿ ಓದಿ.

ದಾಂಡೇಲಿ, ಜೋಯಿಡಾ, ಹಳಿಯಾಳ ಕಡೆ ಹಳೆ ಜೀಪುಗಳು ಇನ್ನೂ ದುಡಿಯುತ್ತಿವೆ. ಪೂಜೋ ಇಂಜಿನ್ನಿನ ಮಹೀಂದ್ರ ಎಂಎಂ 540ಯಂಥವು. ಅಡಿಕೆ ಹೊರುತ್ತವೆ, ಶಾಲೆ ಮಕ್ಕಳನ್ನು ಹೊರುತ್ತವೆ, ಶನಿವಾರ-ಭಾನುವಾರ ಪ್ರವಾಸಿಗರನ್ನೂ ಹೊರುತ್ತವೆ. ಇಂಜಿನ್ ಗಟ್ಟಿ, ಗೇರ್ ಬಾಕ್ಸ್ ಗಟ್ಟಿ, ಬಾಡಿಗೆ ತುಕ್ಕು ಹಿಡಿದರೆ ತಗಡು ಬಡಿದು ಸರಿಮಾಡಬಹುದು. ಕೈ ಕೊಡುವುದು ವೈರಿಂಗು. ಮೂವತ್ತು ವರ್ಷ ಇಂಜಿನ್ನಿನ ಬಿಸಿ ತಿಂದ ಪಿವಿಸಿ ಹಪ್ಪಳದ ಹಾಗೆ ಮುರಿಯುತ್ತದೆ. ಒಳಗಿನ ತಾಮ್ರ ನಮ್ಮ ಮಳೆಗಾಲದ ಥಂಡಿಗೆ ಮೊದಲು ಕಪ್ಪು, ಆಮೇಲೆ ಹಸಿರು. ಆಗ ಮಿಸ್ತ್ರಿ "ಎಲ್ಲಾ ಕಿತ್ತು ಹೊಸದು ಎಳಿಯೂದ ಬೆಸ್ಟ್ ನೋಡ್ರಿ" ಅನ್ನುತ್ತಾನೆ. ಅವನು ಹೇಳುವುದು ಸರಿಯೇ. ಜಗಳ ಇರುವುದು ಮುಂದಿನ ಪ್ರಶ್ನೆಯಲ್ಲಿ: ಹೊಸದು ಅಂದರೆ ಯಾವುದು?

ನಮ್ಮ ಕಡೆ ಹತ್ತಕ್ಕೆ ಎಂಟು ಜನ ಹಾಕಿಸುವುದು ಮನೆ ವೈರಿಂಗಿನ ವೈರು. ಗೋಡೆಯೊಳಗೆ ಪೈಪಿನಲ್ಲಿ ಎಳೆಯುತ್ತೇವಲ್ಲ, ಅದೇ. ಯಾಕೆ ಅಂತ ಕೇಳಿದರೆ ಎಲ್ಲ ಅಂಗಡಿಯಲ್ಲೂ, ಎಲ್ಲ ಗ್ಯಾರೇಜಿನಲ್ಲೂ ಸಿಗುವ ಉತ್ತರ ಒಂದೇ:

"ಸಾಹೇಬ್ರ, ಇದು 1100 ವೋಲ್ಟ್ ತಡಿತೈತ್ರಿ. ನಿಮ್ ಜೀಪಿಂದು ಬರೇ 12 ವೋಲ್ಟ್ ಅಲ್ವೇನ್ರೀ? ಏನ್ ಆಕ್ಕೈತಿ?"

ಕೇಳಲು ಎಷ್ಟು ಚೆನ್ನಾಗಿದೆ ನೋಡಿ! ಸಾವಿರದ ನೂರು ಎಲ್ಲಿ, ಹನ್ನೆರಡು ಎಲ್ಲಿ. ವಾದ ಮುಗಿದೇ ಹೋಯಿತು ಅನ್ನಿಸುತ್ತದೆ. ಈ ವಾದ ತಪ್ಪು, ಅದೂ ತಲೆಕೆಳಗಾದ ತಪ್ಪು. ವೋಲ್ಟೇಜ್ ಕಡಿಮೆ ಅನ್ನುವ ಕಾರಣಕ್ಕೇ ಗಾಡಿಯ ವೈರಿನ ಮೇಲೆ ಹೊರೆ ಹೆಚ್ಚು.

ಇದನ್ನು ಉಳಿದ ಊರಿನವರಿಗಿಂತ ಅಂಬಿಕಾನಗರದವರು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕಿತ್ತು. ಗೊತ್ತಿಲ್ಲದವರಿಗೆ: ದಾಂಡೇಲಿಯಿಂದ ಕುಳಗಿ ಕಾಡು ದಾಟಿ ಬಂದರೆ ಸಿಗುವ ಕರ್ನಾಟಕ ವಿದ್ಯುತ್ ನಿಗಮದ ಕಾಲೋನಿ ಊರು ನಮ್ಮದು. ಕೆಳಗೆ ಕಾಳಿ ನದಿಯ ಕಣಿವೆಯಲ್ಲಿ ನಾಗಝರಿ ಪವರ್ ಹೌಸು. ಆರು ಯೂನಿಟ್, ಒಟ್ಟು 900 ಮೆಗಾವ್ಯಾಟ್. ಮೇಲ್ಗಡೆ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು. ಇಲ್ಲಿ ಬೆಳೆದ ಮಕ್ಕಳಿಗೆ ಟರ್ಬೈನು, ಪೆನ್‌ಸ್ಟಾಕು, ಟ್ರಾನ್ಸ್‌ಫಾರ್ಮರು ಎಲ್ಲ ಮನೆಮಾತು. ಇಷ್ಟೆಲ್ಲ ಇದ್ದೂ ಜೀಪಿನ ಬಾನೆಟ್ ಎತ್ತಿದ ಕೂಡಲೇ "ಬರೇ 12 ವೋಲ್ಟು". ದೊಡ್ಡ ಕರೆಂಟಿನ ಊರಿನವರಿಗೆ ಸಣ್ಣ ಕರೆಂಟು ಅಂದರೆ ತಾತ್ಸಾರ ಇರಬೇಕು.

ಒಂದು ಚಿಕ್ಕ ಲೆಕ್ಕ ಮಾಡೋಣ. ನಾಗಝರಿಯ ಕರೆಂಟು 220 ಕಿಲೋವೋಲ್ಟಿನ ಲೈನುಗಳಲ್ಲಿ ಹುಬ್ಬಳ್ಳಿ ಕಡೆಗೆ ಹೋಗುತ್ತದೆ. ಆರೂ ಯೂನಿಟ್ ಪೂರ್ತಿ ಓಡಿದರೂ ಮೂರು ಫೇಸಿನ ಲೆಕ್ಕದಲ್ಲಿ ಒಂದು ಫೇಸಿಗೆ ಬರುವುದು ಸುಮಾರು 2,400 ಆಂಪಿಯರ್. ಅದೂ ಹಲವು ಲೈನುಗಳಿಗೆ ಹಂಚಿಹೋಗುತ್ತದೆ. ಈಗ ನನ್ನ ಜೀಪಿಗೆ ಬನ್ನಿ. ಚಳಿಗಾಲದ ಬೆಳಿಗ್ಗೆ ಡೀಸೆಲ್ ಇಂಜಿನ್ ತಿರುಗಿಸುವಾಗ ಸ್ಟಾರ್ಟರ್ ಮೋಟಾರು 300 ಆಂಪಿಯರ್ ಸಲೀಸಾಗಿ ಎಳೆಯುತ್ತದೆ. ಅಂದರೆ ಒಂದು ಜೀಪಿನ ಸ್ಟಾರ್ಟರು ಇಡೀ ಪವರ್ ಹೌಸಿನ ಒಂದು ಫೇಸಿನ ಎಂಟನೇ ಒಂದು ಭಾಗದಷ್ಟು ಆಂಪಿಯರ್ ಕೇಳುತ್ತಿದೆ! ಅದೇ 900 ಮೆಗಾವ್ಯಾಟನ್ನು 12 ವೋಲ್ಟಿನಲ್ಲಿ ಹುಬ್ಬಳ್ಳಿಗೆ ಕಳಿಸುತ್ತೇನೆ ಅಂದರೆ ಏಳೂವರೆ ಕೋಟಿ ಆಂಪಿಯರ್ ಬೇಕಾಗುತ್ತಿತ್ತು. ಅಷ್ಟು ದಪ್ಪ ತಂತಿಯನ್ನು ಹೊರುವ ಟವರು ಭೂಮಿ ಮೇಲೆ ಇಲ್ಲ.

ವಿಷಯ ಇಷ್ಟೇ. ವೋಲ್ಟೇಜು ಕೇಳುವುದು ವೈರಿನ ಮೇಲಿನ ಪ್ಲಾಸ್ಟಿಕ್ಕಿನ ಶಕ್ತಿಯನ್ನು. ಆಂಪಿಯರ್ ಕೇಳುವುದು ಒಳಗಿನ ತಾಮ್ರದ ದಪ್ಪವನ್ನು. 60 ವ್ಯಾಟಿನ ಬಲ್ಬು ಮನೆಯಲ್ಲಿ 230 ವೋಲ್ಟಿಗೆ ಕಾಲು ಆಂಪಿಯರ್ ತೆಗೆದುಕೊಂಡರೆ, ಜೀಪಿನಲ್ಲಿ 12 ವೋಲ್ಟಿಗೆ 5 ಆಂಪಿಯರ್ ತೆಗೆದುಕೊಳ್ಳುತ್ತದೆ. "1100 ವೋಲ್ಟ್" ಅಂತ ಅಚ್ಚು ಹಾಕಿದ್ದು ಗಾಡಿಯ ಮಟ್ಟಿಗೆ ಯಾವ ಪ್ರಯೋಜನಕ್ಕೂ ಬಾರದ ಶಕ್ತಿ. ಪ್ರಯೋಜನ ಇಲ್ಲದಿದ್ದರೆ ಹೋಗಲಿ, ಅದರಿಂದ ತೊಂದರೆಯೂ ಇದೆ. ಆ 1100 ವೋಲ್ಟಿಗೋಸ್ಕರ ಮನೆ ವೈರಿಗೆ ದಪ್ಪ ಕೋಟು ಹಾಕಿರುತ್ತಾರೆ. 1 ಚದರ ಮಿಲಿಮೀಟರ್ ತಾಮ್ರದ ಮನೆ ವೈರು ಕೋಟೆಲ್ಲ ಸೇರಿ ಹೆಚ್ಚುಕಮ್ಮಿ 2.7 ಮಿಲಿಮೀಟರ್ ದಪ್ಪ ಕಾಣುತ್ತದೆ. ತೆಳುಕೋಟಿನ ವಾಹನದ ವೈರು ಅಷ್ಟೇ ದಪ್ಪ ಕಂಡರೂ ಅದರೊಳಗೆ 2 ಚದರ ಮಿಲಿಮೀಟರ್ ತಾಮ್ರ ಇರುತ್ತದೆ. ನಾವು ಅಂಗಡಿಯಲ್ಲಿ ಬೆರಳಲ್ಲಿ ಹಿಸುಕಿ "ಹಾಂ, ದಪ್ಪ ಇದೆ" ಅನ್ನುತ್ತೇವಲ್ಲ, ಅದು ಪ್ಲಾಸ್ಟಿಕ್ಕಿಗೆ ಕೊಡುವ ಸರ್ಟಿಫಿಕೇಟು.

ಇಲ್ಲಿ ಮನೆ ವೈರಿನ ಪರವಾಗಿಯೂ ಒಂದು ಮಾತು ಹೇಳಬೇಕು. ಕೆಲವರು "ಮನೆ ವೈರಲ್ಲಿ ಎಳೆ ಕಡಿಮೆ, ಅಲುಗಾಟಕ್ಕೆ ಮುರಿಯುತ್ತೆ" ಅನ್ನುತ್ತಾರೆ. ಹಳೆ ಕಾಲದ ಒಂದೆಳೆ, ಮೂರೆಳೆ, ಏಳೆಳೆ ವೈರಿಗೆ ಆ ಮಾತು ನೂರಕ್ಕೆ ನೂರು ಸತ್ಯ, ಅದನ್ನು ಗಾಡಿಯ ಹತ್ತಿರ ತರಲೇಬಾರದು. ಆದರೆ ಈಗ ಸಿಗುವ ಫ್ಲೆಕ್ಸಿಬಲ್ ಮನೆ ವೈರಿನಲ್ಲಿ 1 ಚದರ ಎಂಎಂಗೆ 0.30 ಮಿಲಿಮೀಟರಿನ 14 ಎಳೆ ಇರುತ್ತದೆ. ವಾಹನದ ವೈರಿನಲ್ಲೂ ಅದೇ 14/0.30. ಹಳೆ ಲೂಕಾಸ್ ಪುಸ್ತಕಗಳಲ್ಲಿ ಇದನ್ನೇ ಇಂಚಿನಲ್ಲಿ 14/0.012 ಅಂತ ಬರೆದಿರುತ್ತಾರೆ. ಹಾಗಾಗಿ ಎಳೆಯ ಹೆಸರಲ್ಲಿ ಮನೆ ವೈರನ್ನು ಬೈಯುವುದು ಈಗ ನ್ಯಾಯವಲ್ಲ. ನನ್ನ ತಕರಾರು ಕೋಟಿನ ಮೇಲೆ. ಮನೆ ವೈರಿನ ಮಾಮೂಲಿ ಪಿವಿಸಿ 70 ಡಿಗ್ರಿ ಬಿಸಿಗೆ ಮಾಡಿದ್ದು, ಗೋಡೆಯೊಳಗೆ ತಣ್ಣಗೆ ಕೂರುವುದಕ್ಕೆ. ಜೀಪಿನ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕ ಹಾದುಹೋಗುವ ವೈರಿಗೆ 70 ಡಿಗ್ರಿ ಬೆಳಗಿನ ಕಾಫಿ ಇದ್ದ ಹಾಗೆ. ವಾಹನಕ್ಕೆಂದೇ ಮಾಡಿದ ಪಿವಿಸಿ 85ರಿಂದ 105 ಡಿಗ್ರಿ ತನಕ ತಡೆಯುತ್ತದೆ, ಕ್ರಾಸ್-ಲಿಂಕ್ಡ್ ಕೋಟಾದರೆ 125. ಜೊತೆಗೆ ಡೀಸೆಲ್ಲು, ಇಂಜಿನ್ ಆಯಿಲ್ಲು, ಬ್ಯಾಟರಿಯ ಆಸಿಡ್ಡು. ಮನೆಯ ಗೋಡೆಗೆ ಯಾರೂ ಡೀಸೆಲ್ ಸುರಿಯುವುದಿಲ್ಲ. ಆಯಿಲ್ ಕುಡಿದ ಮಾಮೂಲಿ ಪಿವಿಸಿ ಮೊದಲು ಉಬ್ಬಿ ಮೆತ್ತಗಾಗುತ್ತದೆ, ಆಮೇಲೆ ಒಣಗಿ ಬಿರುಕು ಬಿಡುತ್ತದೆ.

ನಮ್ಮ ಸರಕಾರದ ಮಾನಕ ಸಂಸ್ಥೆಯವರೇ ಇವೆರಡನ್ನೂ ಬೇರೆ ಬೇರೆ ಇಟ್ಟಿದ್ದಾರೆ. ಮನೆ ವೈರಿಗೆ ಐಎಸ್ 694, ಮೋಟಾರು ವಾಹನದ ಕೇಬಲ್ಲಿಗೆ ಐಎಸ್ 2465. ಸುಮ್ಮನೆ ಎರಡು ಪುಸ್ತಕ ಅಚ್ಚು ಹಾಕಿಸಿರಲಿಕ್ಕಿಲ್ಲ.

ಒಂದು ಘಟನೆ ಹೇಳುತ್ತೇನೆ. ಪರಿಚಯದವರೊಬ್ಬರ ಜೀಪು, ಹೊಸ ವೈರಿಂಗ್ ಆಗಿ ಒಂದು ವರ್ಷವೂ ಆಗಿರಲಿಲ್ಲ. ಮಳೆಗಾಲದ ರಾತ್ರಿ, ಗಾಡಿ ತುಂಬ ಮನೆಯವರು, ದಾಂಡೇಲಿಯಿಂದ ವಾಪಸು ಬರುತ್ತಿದ್ದಾರೆ. ಕುಳಗಿ ದಾಟಿದ ಮೇಲೆ ಡ್ಯಾಶಿನ ಕೆಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ, ಹಿಂದೆಯೇ ಎಲ್ಲ ಲೈಟೂ ಢಮಾರ್. ಆ ರಸ್ತೆಯನ್ನು ಕಂಡವರಿಗೆ ಗೊತ್ತು. 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತ ಹೆಸರಾದ ಕಾಡು ಅದು, ರಸ್ತೆ ಮಧ್ಯೆ ಕಾಡುಕೋಣ ನಿಂತಿದ್ದರೆ ಹೆಡ್ ಲೈಟ್ ಇದ್ದಾಗಲೇ ಕೊನೇ ಗಳಿಗೆಯಲ್ಲಿ ಕಾಣುವುದು. ಪುಣ್ಯಕ್ಕೆ ಅವರು ಬ್ರೇಕ್ ಹಾಕಿ ನಿಲ್ಲಿಸಿ, ಬ್ಯಾಟರಿಯ ಟರ್ಮಿನಲ್ ಕಿತ್ತು ಎಸೆದರು. ಕಿತ್ತದ್ದರಿಂದ ಗಾಡಿ ಉಳಿಯಿತು. ಮರುದಿನ ಬೆಳಕಿನಲ್ಲಿ ನಾನೂ ನೋಡಿದೆ. ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ತೂತಿಗೆ ರಬ್ಬರ್ ಬಳೆ ಹಾಕಿರಲಿಲ್ಲ. ತಗಡಿನ ಅಂಚು ಬಿಸಿಗೆ ಮೆತ್ತಗಾದ ಕೋಟನ್ನು ಗರಗಸದ ಹಾಗೆ ತಿಂದು ತಾಮ್ರ ಮುಟ್ಟಿದೆ. ಫ್ಯೂಸು ಇಲ್ಲ. ಒಂದೇ ಕಟ್ಟಿನಲ್ಲಿ ಬಿಗಿದ ಹನ್ನೆರಡು ವೈರು ಕರಗಿ ಒಂದೇ ಕಂಬಳಿಹುಳು ಆಗಿತ್ತು.

ಹನ್ನೆರಡೂ ಕೆಂಪು ಬಣ್ಣದವೇ. ಯಾರದ್ದೋ ಮನೆ ಕೆಲಸಕ್ಕೆ ತಂದ 90 ಮೀಟರಿನ ಕೆಂಪು ಕಾಯಿಲ್ ಉಳಿದಿತ್ತಂತೆ :(

12 ವೋಲ್ಟು ಶಾಕ್ ಹೊಡೆಯುವುದಿಲ್ಲ. ಹಾಗಾಗಿ ನಮಗೆ ಅದರ ಭಯ ಇಲ್ಲ. ಆದರೆ ಮನೆಯಲ್ಲಿ ವೈರು ಶಾರ್ಟಾದರೆ 6 ಆಂಪಿಯರಿನದೋ 10 ಆಂಪಿಯರಿನದೋ ಎಂಸಿಬಿ ಟಪ್ ಅಂತ ಬೀಳುತ್ತದೆ. ಜೀಪಿನ ಬ್ಯಾಟರಿಯ ಮುಂದೆ ಹಾಗೆ ಬೀಳುವುದು ಏನೂ ಇಲ್ಲದಿದ್ದರೆ, ಅದು ನೂರಾರು ಆಂಪಿಯರನ್ನು ಆ ಬಡಪಾಯಿ 1 ಎಂಎಂ ವೈರಿಗೆ ತಳ್ಳುತ್ತದೆ. ಕೆಲವೇ ಸೆಕೆಂಡಿನಲ್ಲಿ ತಂತಿ ಕೆಂಪಗಾಗುತ್ತದೆ. ಲೂಕಾಸ್ ಪದ್ಧತಿಯ ಹಳೆ ಗಾಡಿಗಳಲ್ಲಿ ಎರಡು ಫ್ಯೂಸ್ ಇದ್ದರೆ ಹೆಚ್ಚು, ಎಷ್ಟೋ ಗಾಡಿಗಳಲ್ಲಿ ಹೆಡ್ ಲೈಟಿನ ಲೈನಿಗೆ ಫ್ಯೂಸೇ ಇರಲಿಲ್ಲ. ಆಗಿನ ಕಾಲದವರು ಹಾಗೆ ಮಾಡಿದ್ದರು ಅಂತ ನಾವೂ ಹಾಗೇ ಬಿಡಬೇಕಾಗಿಲ್ಲ. ಇನ್ನೊಂದು ತಪ್ಪು ಕಲ್ಪನೆ: ಫ್ಯೂಸ್ ಇರುವುದು ಬಲ್ಬನ್ನೋ ಹಾರನ್ನನ್ನೋ ಕಾಪಾಡಲು ಅನ್ನುವುದು. ಅಲ್ಲ, ಅದು ಕಾಪಾಡುವುದು ವೈರನ್ನು. ಆದ್ದರಿಂದ ಅದರ ಜಾಗ ಬ್ಯಾಟರಿಯ ಹತ್ತಿರ, ವೈರು ಶುರುವಾಗುವಲ್ಲಿ. ವೈರು ತಾಳುವಷ್ಟಕ್ಕಿಂತ ಫ್ಯೂಸಿನ ಆಂಪಿಯರ್ ಕಡಿಮೆ ಇರಬೇಕು. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ಸಿಗರೇಟು ಪ್ಯಾಕಿನ ಬೇಗಡೆ ಸುತ್ತುವ ಮಹನೀಯರಿಗೆ ಏನು ಹೇಳಲಿ.

ಇರಲಿ, ಹಾಗಾದರೆ ಎಷ್ಟು ದಪ್ಪದ ವೈರು ಬೇಕು? ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ, ಭಾಗಾಕಾರ ಬಂದರೆ ಸಾಕು. ವ್ಯಾಟನ್ನು 12ರಿಂದ ಭಾಗಿಸಿದರೆ ಆಂಪಿಯರ್. ಜೀಪಿನ ಎರಡು ಹೆಡ್ ಲೈಟು, ಹೈ ಬೀಮಿನಲ್ಲಿ ತಲಾ 60 ವ್ಯಾಟ್, ಒಟ್ಟು 120. ಅಂದರೆ 10 ಆಂಪಿಯರ್. ಈ ಹತ್ತು ಆಂಪಿಯರು ಬ್ಯಾಟರಿಯಿಂದ ಹೊರಟು, ಡ್ಯಾಶಿಗೆ ಬಂದು, ಸ್ವಿಚ್ಚು ಡಿಪ್ಪರು ಎಲ್ಲ ಸುತ್ತಿ ಮುಂದಿನ ಲೈಟಿಗೆ ಹೋಗುವ ಹೊತ್ತಿಗೆ ಐದು ಮೀಟರಾದರೂ ಆಗುತ್ತದೆ. 1 ಚದರ ಎಂಎಂ ತಾಮ್ರದಲ್ಲಿ ಒಂದು ಮೀಟರಿಗೆ ಸುಮಾರು 17.5 ಮಿಲಿಓಮ್ ತಡೆ. ಐದು ಮೀಟರ್, ಹತ್ತು ಆಂಪಿಯರ್ ಗುಣಿಸಿ: 0.9 ವೋಲ್ಟ್ ಹತ್ತಿರ ದಾರಿಯಲ್ಲೇ ಖರ್ಚು. ಮನೆಯ 230ರಲ್ಲಿ 0.9 ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. 12ರಲ್ಲಿ ಅದು ದೊಡ್ಡ ಪಾಲು. ಹಳೆ ಸ್ವಿಚ್ಚು, ತುಕ್ಕು ಹಿಡಿದ ಟರ್ಮಿನಲ್ಲು ಸೇರಿದರೆ ಇನ್ನೂ ಹೆಚ್ಚು. ಬಲ್ಬಿನ ಸ್ವಭಾವ ಬೇರೆ ವಿಚಿತ್ರ: ವೋಲ್ಟೇಜು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತು ಕಡಿಮೆಯಾಗುತ್ತದೆ. "ಹಳೆ ಜೀಪಿನ ಲೈಟೇ ಇಷ್ಟು, ಮಿಣುಕು ಹುಳ" ಅಂತ ನಗುತ್ತಾರಲ್ಲ, ಜೀಪಿನ ತಪ್ಪಲ್ಲ ಅದು. ಆ ಬೆಳಕು ವೈರಿನಲ್ಲಿ ಬಿಸಿಯಾಗಿ ಹೋಗುತ್ತಿದೆ.

ಜಾವಾ ಇಟ್ಟುಕೊಂಡವರ ಕಥೆ ಇದಕ್ಕಿಂತ ಕಷ್ಟ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ಅಲ್ಲಿ ಹುಟ್ಟಿದ ಗಾಡಿಗಳು ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಢಗಢಗ ಅನ್ನುತ್ತಿವೆ. ಹಳೆ ಜಾವಾದ್ದು 6 ವೋಲ್ಟ್. ವೋಲ್ಟೇಜು ಅರ್ಧ ಅಂದರೆ ಅದೇ ಬಲ್ಬಿಗೆ ಆಂಪಿಯರ್ ಎರಡರಷ್ಟು. ವೈರಿನಲ್ಲಿ ಕಳೆಯುವ ವೋಲ್ಟೂ ಎರಡರಷ್ಟು. ಅದನ್ನು ಕಳೆಯಬೇಕಾದದ್ದು ಹನ್ನೆರಡರಿಂದಲ್ಲ, ಆರರಿಂದ. ಒಟ್ಟು ನಾಲ್ಕು ಪಟ್ಟು ನಷ್ಟ. "ಸಣ್ಣ ಬೈಕು, ಸಣ್ಣ ವೈರು ಸಾಕು" ಅಂತ ಸ್ಪೀಕರಿನ ವೈರು ಎಳೆದವರನ್ನು ಕಂಡಿದ್ದೇನೆ. 6 ವೋಲ್ಟಿನ ಬೈಕಿನ ಹೆಡ್ ಲೈಟಿಗೆ ಕಾರಿಗೆ ಹಾಕುವಷ್ಟೇ ದಪ್ಪದ್ದು ಹಾಕಿ, ಅದೇನೂ ದುಂದು ಅಲ್ಲ.

ನನ್ನ ಜೀಪಿಗೆ ನಾನು ಹಾಕಿಸಿದ್ದು ಹೀಗೆ. ಪಾರ್ಕಿಂಗು, ಇಂಡಿಕೇಟರು, ಡ್ಯಾಶಿನ ಸಣ್ಣ ಲೈಟು, ಗೇಜುಗಳಿಗೆ 14/0.30, ಅಂದರೆ 1 ಚದರ ಎಂಎಂ. ಹೆಡ್ ಲೈಟು, ಹಾರನ್ನು, ವೈಪರಿಗೆ 28/0.30, ಅಂದರೆ 2 ಚದರ ಎಂಎಂ. ಫ್ಯೂಸ್ ಬಾಕ್ಸಿನ ಕೆಲವು ಫೀಡಿಗೆ 44/0.30, ಅದು 3. ಇಂಜಿನ್ ಬದಿಯ ಗ್ಲೋ ಪ್ಲಗ್ಗುಗಳು ನಾಲ್ಕೂ ಸೇರಿ 40 ಆಂಪಿಯರ್ ಆಸುಪಾಸು ಎಳೆಯುತ್ತವೆ, ಅದಕ್ಕೆ 84/0.30, ಅಂದರೆ 6 ಚದರ ಎಂಎಂ. ಸ್ಟಾರ್ಟರಿನ ಕೇಬಲ್ಲು ಬೇರೆಯದೇ ಜಾತಿ, 35ಕ್ಕಿಂತ ಕಡಿಮೆ ಬೇಡ. ಫ್ಯೂಸು 1 ಎಂಎಂಗೆ 7.5, 2 ಎಂಎಂಗೆ 15. ಕಟ್ಟಿನೊಳಗೆ ಹೂತ ವೈರಿಗೆ ಗಾಳಿ ಸಿಗುವುದಿಲ್ಲ, ಹಾಗಾಗಿ ಪುಸ್ತಕದಲ್ಲಿ ಬರೆದಷ್ಟು ಆಂಪಿಯರ್ ತನಕ ಎಳೆಯದೆ ಸ್ವಲ್ಪ ಕೈ ಬಿಗಿ ಹಿಡಿಯುವುದು ಒಳ್ಳೆಯದು.

ಡೈನಮೋ ತೆಗೆದು ದೊಡ್ಡ ಆಲ್ಟರ್ನೇಟರ್ ಹಾಕಿಸಿದವರು ಒಂದು ವಿಷಯ ನೋಡಿಕೊಳ್ಳಿ. ಹಳೆ ಡ್ಯಾಶಿನಲ್ಲಿ ಅಮ್ಮೀಟರ್ ಇದ್ದರೆ ಚಾರ್ಜಿಂಗ್ ಕರೆಂಟು ಪೂರ್ತಿ ಅದರೊಳಗಿಂದ ಹಾದುಹೋಗುತ್ತದೆ. ಡೈನಮೋ ಕಾಲದ 20 ಆಂಪಿಯರಿಗೆ ಹಾಕಿದ ವೈರಿನಲ್ಲಿ 50 ಹರಿಸಿದರೆ ನಿಮ್ಮ ಮೊಣಕಾಲ ಮುಂದೆ ಒಲೆ ಇಟ್ಟ ಹಾಗೆ. ಒಂದೋ ಆ ವೈರನ್ನೂ ಬದಲಿಸಿ, ಇಲ್ಲವೇ ಅಮ್ಮೀಟರಿಗೆ ನಿವೃತ್ತಿ ಕೊಟ್ಟು ವೋಲ್ಟ್ ಮೀಟರ್ ಹಾಕಿ.

ಹೆಡ್ ಲೈಟಿಗೆ ರಿಲೇ ಹಾಕಿಸಿ ಅಂತ ಹೇಳಿದರೆ "ಅದೆಲ್ಲ ಹೊಸ ಗಾಡಿಗ್ರಿ" ಅನ್ನುವವರಿದ್ದಾರೆ. ನಾಗಝರಿಯ ಕಂಟ್ರೋಲ್ ರೂಮಿನಲ್ಲಿ ಕೂತವರು 220 ಕಿಲೋವೋಲ್ಟಿನ ಬ್ರೇಕರನ್ನು ಕೈಯಿಂದ ಎಳೆಯುತ್ತಾರೆಯೇ? ಸಣ್ಣ ಸ್ವಿಚ್ ತಿರುಗಿಸುತ್ತಾರೆ, ಸಣ್ಣ ಕರೆಂಟು ಹೋಗಿ ದೊಡ್ಡದನ್ನು ಆಡಿಸುತ್ತದೆ. ರಿಲೇ ಅಂದರೂ ಅದೇ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ರಿಲೇ, ರಿಲೇಯಿಂದ ಸೀದಾ ಲೈಟು. ದಪ್ಪ ವೈರು ಎರಡು ಮೀಟರಿನಲ್ಲಿ ಮುಗಿಯಿತು. ಡ್ಯಾಶಿನ ಹಳೆ ಸ್ವಿಚ್ಚಿಗೆ ಹೋಗಿಬರುವುದು ಕಾಲು ಆಂಪಿಯರಿಗೂ ಕಡಿಮೆ, ಅದು ಇನ್ನೂ ಇಪ್ಪತ್ತು ವರ್ಷ ಬದುಕುತ್ತದೆ. ನನ್ನ ಜೀಪಿನಲ್ಲಿ ಬಲ್ಬು ಹಳೆಯದೇ, ಆದರೆ ಕುಳಗಿ ರಸ್ತೆಯಲ್ಲಿ ತಿರುವಿನ ಆಚೆಯ ಮರ ಈಗ ಕಾಣುತ್ತದೆ.

ಎಲ್‌ಇಡಿ ಹಾಕಿದರೆ ಈ ತಲೆನೋವೆಲ್ಲ ಇಲ್ಲವಲ್ಲ ಅಂತ ನೀವು ಕೇಳಬಹುದು. ಆಂಪಿಯರ್ ಕಡಿಮೆಯಾಗುವುದು ನಿಜ, ವೈರಿನ ಹೊರೆ ಇಳಿಯುವುದೂ ನಿಜ. ಆದರೆ ಬಿಸಿ, ಆಯಿಲ್ಲು, ತಗಡಿನ ಅಂಚು ಕಡಿಮೆಯಾಗುವುದಿಲ್ಲ. ಅದಲ್ಲದೆ ಎಲ್‌ಇಡಿ ಹಾಕಿಸಿದವರು ಅಷ್ಟಕ್ಕೇ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ, ಮೇಲೊಂದು ಬಾರ್ ಲೈಟು, ಮುಂದೊಂದು ಜೋಡಿ ಫಾಗ್ ಲೈಟು ಬಂದೇ ಬರುತ್ತದೆ. ಎಲ್ಲಕ್ಕೂ ಅದೇ ಹಳೆ ಪಾರ್ಕಿಂಗ್ ಲೈನಿಂದ ಟ್ಯಾಪು!

ಅರ್ತಿಂಗು ಯಾರಿಗೂ ನೆನಪಾಗುವುದಿಲ್ಲ. ಬಲ್ಬಿಗೆ ಹೋದ ಕರೆಂಟು ವಾಪಸು ಬರಬೇಕಲ್ಲ, ಅದು ಬರುವುದು ಬಾಡಿಯ ತಗಡಿನ ಮೂಲಕ. ನಮ್ಮ ಮಳೆಗೆ ಆ ತಗಡಿನ ಬೋಲ್ಟುಗಳು ತುಕ್ಕು ಹಿಡಿದು, ಮೇಲೆ ಮೂರು ಸಲ ಪೇಂಟು ಬಳಿದು, ದಾರಿಯೇ ಮುಚ್ಚಿಹೋಗಿರುತ್ತದೆ. ಎಷ್ಟು ಒಳ್ಳೆಯ ವೈರು ಹಾಕಿದರೂ ಅರ್ಧ ದಾರಿ ಮಾತ್ರ ಸರಿಯಾದಂತೆ. ಮುಂದಿನ ಲೈಟುಗಳಿಂದಲೂ, ಡ್ಯಾಶಿನಿಂದಲೂ, ಹಿಂದಿನಿಂದಲೂ ಒಂದೊಂದು ಕಪ್ಪು ವೈರು ತಂದು ಚಾಸಿಗೆ, ಬರಿ ಲೋಹ ಕಾಣುವ ತನಕ ಉಜ್ಜಿ ಬೋಲ್ಟ್ ಮಾಡಿ, ಮೇಲೆ ಗ್ರೀಸ್ ಸವರಿ. ಇಂಜಿನ್ನಿನಿಂದ ಚಾಸಿಗೆ ಬರುವ ಪಟ್ಟಿಯನ್ನೂ ನೋಡಿ.

ಕೊಳ್ಳುವಾಗಿನ ಮೋಸ ಒಂದಿದೆ. ತಾಮ್ರದ ಬಣ್ಣದ್ದೆಲ್ಲ ತಾಮ್ರವಲ್ಲ. ಅಲ್ಯುಮಿನಿಯಂ ಎಳೆಗೆ ಮೇಲೆ ತಾಮ್ರದ ಪದರ ಕೊಟ್ಟ ವೈರು ಮಾರುಕಟ್ಟೆಯಲ್ಲಿ ಧಾರಾಳ, ಮುಖ್ಯವಾಗಿ ಕಾರಿನ ಸ್ಟೀರಿಯೋ ಕಿಟ್ಟುಗಳಲ್ಲಿ. ಅದೇ ದಪ್ಪಕ್ಕೆ ಒಂದೂವರೆ ಪಟ್ಟು ತಡೆ, ಅಲುಗಾಟಕ್ಕೆ ಬೇಗ ತುಂಡು, ನಮ್ಮ ಥಂಡಿಗೆ ಬೂದಿ. ಒಂದು ಎಳೆ ತೆಗೆದು ಬ್ಲೇಡಿನಲ್ಲಿ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ವಾಪಸು ಕೊಡಿ. ತುದಿ ಸುಲಿದು ಎಳೆ ಎಣಿಸಿ. ಹದಿನಾಲ್ಕು ಅಂತ ಬರೆದು ಹನ್ನೊಂದು ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಅಂಗಡಿಯವರು ಮುಖ ನೋಡುತ್ತಾರೆ, ನೋಡಲಿ. ಮನೆಗೆ ತಂದ ಮೇಲೆ ಬೆಸುಗೆ ಕಡ್ಡಿಯ ತುದಿ ಮುಟ್ಟಿಸಿ: ಮಾಮೂಲಿ ಪಿವಿಸಿ ಕೂಡಲೇ ಕರಗಿ ಹರಿಯುತ್ತದೆ, ಕ್ರಾಸ್-ಲಿಂಕ್ಡ್ ಕೋಟು ಹರಿಯುವುದಿಲ್ಲ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗುವ ರೆಡಿಮೇಡ್ ವೈರಿಂಗ್ ಸೆಟ್ಟುಗಳಿಗೂ ಇದೇ ಪರೀಕ್ಷೆ. ಅವುಗಳಲ್ಲಿ ಚಿನ್ನದಂಥವೂ ಇವೆ, ಹುಲ್ಲಿನಂಥವೂ ಇವೆ.

ಬೆಸುಗೆ ಅಂದ ಕೂಡಲೇ ಇನ್ನೊಂದು. ಜೋಡಣೆಗೆ ಬೆಸುಗೆಗಿಂತ ಸರಿಯಾದ ಇಕ್ಕಳದಲ್ಲಿ ಒತ್ತಿದ ಲಗ್ಗೇ ಮೇಲು ಅನ್ನುವುದು ನನ್ನ ಪಕ್ಷ. ಬೆಸುಗೆಯ ಸೀಸ ಎಳೆಗಳೊಳಗೆ ಏರಿ ಮೆತ್ತಗಿನ ವೈರನ್ನು ಕಡ್ಡಿ ಮಾಡುತ್ತದೆ, ಕಡ್ಡಿ ಮುಗಿಯುವ ಜಾಗದಲ್ಲೇ ಜೋಯಿಡಾ ರಸ್ತೆಯ ಕುಲುಕಾಟಕ್ಕೆ ಮುರಿಯುತ್ತದೆ. ಕರಿ ಟೇಪು ಮಾತ್ರ ಸುತ್ತಿ ಬಿಟ್ಟರೆ ಒಂದು ಬೇಸಿಗೆಗೆ ಬೆಲ್ಲದ ಪಾಕ.

ಇದನ್ನೆಲ್ಲ ಮಿಸ್ತ್ರಿಗಳನ್ನು ಹಳಿಯಲು ಬರೆಯುತ್ತಿಲ್ಲ. ನಾವು ಗ್ಯಾರೇಜಿಗೆ ಹೋಗಿ ಕೇಳುವುದು "ಎಷ್ಟಾಗತ್ತೆ" ಅಂತ. "ಯಾವ ವೈರು ಹಾಕ್ತೀರಿ" ಅಂತ ಎಷ್ಟು ಜನ ಕೇಳಿದ್ದೇವೆ? ಮೊತ್ತ ಮೊದಲೇ ಕಟ್ಟಿಹಾಕಿದ ಮೇಲೆ ಆತ ಉಳಿಸಬಹುದಾದದ್ದು ವೈರಿನಲ್ಲೇ. ಟೈರಿಗೆ ಕಂಪನಿ ಕೇಳುತ್ತೇವೆ, ಸೀಟಿನ ರೆಕ್ಸಿನ್ನಿನ ಬಣ್ಣಕ್ಕೆ ಅರ್ಧ ದಿನ ಚರ್ಚೆ ಮಾಡುತ್ತೇವೆ. 2022ರ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದಾಗಲೂ ಗೊಣಗುತ್ತಾ ಕಟ್ಟಿದೆವು, ಗಾಡಿ ಬಿಡಲು ಮನಸ್ಸಿಲ್ಲದ್ದಕ್ಕೆ. ಅಷ್ಟು ಪ್ರೀತಿ ಇರುವ ಗಾಡಿಗೆ ವೈರಿನ ವಿಷಯದಲ್ಲಿ ಮಾತ್ರ ಜುಗ್ಗತನ. ನನ್ನ ಜೀಪಿಗೆ ಎಲ್ಲ ಸೇರಿ ಎಪ್ಪತ್ತು ಮೀಟರ್ ಚಿಲ್ಲರೆ ಹೋಯಿತು. ಮನೆ ವೈರಿಗೂ ಇದಕ್ಕೂ ಬಂದ ವ್ಯತ್ಯಾಸ ಒಂದು ಹೊಸ ಟೈರಿನ ಅರ್ಧ ಬೆಲೆಯೂ ಇಲ್ಲ. ಮಿಸ್ತ್ರಿಯ ಮಜೂರಿ ಎರಡಕ್ಕೂ ಒಂದೇ. ಹಾಗಾಗಿ ನಾನು ಹೇಳುವುದು: ವೈರು, ಲಗ್ಗು, ಫ್ಯೂಸ್ ಬಾಕ್ಸು, ರಬ್ಬರ್ ಬಳೆ ನೀವೇ ಕೊಂಡು ತಂದು ಅವರ ಕೈಗೆ ಕೊಡಿ, ಮಜೂರಿಯಲ್ಲಿ ಚೌಕಾಸಿ ಮಾಡಬೇಡಿ. ದಾಂಡೇಲಿಯಲ್ಲಿ ಎಲ್ಲ ಅಳತೆಯೂ ಸಿಗದೇ ಹೋದರೆ ಹುಬ್ಬಳ್ಳಿಗೆ ಹೇಗಿದ್ದರೂ ತಿಂಗಳಿಗೊಮ್ಮೆ ಹೋಗುತ್ತಿರುತ್ತೀರಲ್ಲ.

ಅಂದ ಹಾಗೆ ಬಣ್ಣದ ವಿಷಯ. ಅಂಬಾಸಿಡರಿನಂಥ ಗಾಡಿಗೆ ಲೂಕಾಸಿನ ಹಳೆ ಬಣ್ಣದ ಪದ್ಧತಿಯನ್ನೇ ಉಳಿಸಿಕೊಳ್ಳಿ: ಕಂದು ಬ್ಯಾಟರಿಯಿಂದ ನೇರ ಬರುವ ಲೈನು, ಬಿಳಿ ಇಗ್ನಿಷನ್, ಹಸಿರು ಫ್ಯೂಸ್ ದಾಟಿದ ಇಗ್ನಿಷನ್, ನೀಲಿ ಹೆಡ್ ಲೈಟು, ಕೆಂಪು ಪಾರ್ಕಿಂಗು, ಕಪ್ಪು ಅರ್ತು. ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ಹೈ ಬೀಮು, ಕೆಂಪು ಗೆರೆ ಇದ್ದರೆ ಡಿಪ್ಪು. ಎಲ್ಲ ಬಣ್ಣ ಸಿಗದಿದ್ದರೆ ನಾಲ್ಕೈದು ಬಣ್ಣ ತಂದು ತುದಿಗೆ ನಂಬರಿನ ಬಳೆ ಹಾಕಿ. ನಾನು ಹಾಗೇ ಮಾಡಿ, ಯಾವ ನಂಬರು ಎಲ್ಲಿಗೆ ಹೋಗುತ್ತದೆ ಅಂತ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಿ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಹೋದ ವಾರ ಹಾರನ್ ನಿಂತಾಗ ಹಳಿಯಾಳದ ಗ್ಯಾರೇಜಿನ ಹುಡುಗ ಆ ಹಾಳೆ ನೋಡಿ, 17ನೇ ನಂಬರಿನ ವೈರು ಹಿಡಿದು, ಐದು ನಿಮಿಷದಲ್ಲಿ ಸರಿ ಮಾಡಿಕೊಟ್ಟ. ಆಮೇಲೆ ಮೊಬೈಲಿನಲ್ಲಿ ಹಾಳೆಯ ಫೋಟೋ ಹೊಡೆದುಕೊಂಡ. ನಿಮಗೂ ಬೇಕಿದ್ದರೆ ಕಮೆಂಟಿನಲ್ಲಿ ಹೇಳಿ, ಬಿಡಿಸಿದ ನಕ್ಷೆ ಹಾಕುತ್ತೇನೆ.